ರಜೆಯಲ್ಲಿ ಮಕ್ಕಳು ಗ್ರಂಥಾಲಯದ ಮೆಟ್ಟಿಲು ಹತ್ತಲಿ

(ಬೇಸಿಗೆ ರಜೆಗೆ ಮುನ್ನ ಕೊಡಗಿನ ಪಟ್ಟಣವೊಂದರಲ್ಲಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇನ್ನು ಕೆಲವೇ ದಿನಗಳಲ್ಲಿ ಶಾಲೆಗಳಿಗೆ ರಜೆ. ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ ಸುಮಾರು ಏಳು ವಾರ ಮಕ್ಕಳು ಮನೆಯಲ್ಲಿರುತ್ತಾರೆ. ತೋಟಗಳಲ್ಲಿ ಕರಿಮೆಣಸಿನ ಕೊಯ್ಲು ಮುಗಿಯುವ ಹೊತ್ತು ಅದು. ಕಾಫಿಯ ಹೂವು ಅರಳಿ ಉದುರಿರುತ್ತದೆ. ಮದುವೆಗಳ ಸಾಲು ಆರಂಭವಾಗಿರುತ್ತದೆ. ಹಿರಿಯರಾದ ನಮಗೆ ಪುರುಸೊತ್ತಿಲ್ಲದ ಕಾಲ. ಮಕ್ಕಳಿಗೆ ಪುರುಸೊತ್ತೇ ಪುರುಸೊತ್ತು. ಆ ಬಿಡುವನ್ನು ಇಂದು ಏನು ತುಂಬುತ್ತಿದೆ ಎಂಬುದನ್ನು ನಾವು ಇಲ್ಲಿ ವಿವರಿಸಬೇಕಾಗಿಲ್ಲ. ಈ ಸಭಾಂಗಣದಲ್ಲಿರುವ ಪ್ರತಿಯೊಬ್ಬರ ಜೇಬಿನಲ್ಲೂ ಅದು ಇದೆ. ಊಟ ಮಾಡಿಸಬೇಕಾದರೆ ಮೊಬೈಲ್, ಅಳು ನಿಲ್ಲಿಸಬೇಕಾದರೆ ಮೊಬೈಲ್, ನಾವು ಮಾತನಾಡುವಾಗ ಮಕ್ಕಳು ನಡುವೆ ಬರದಿರಬೇಕಾದರೂ ಮೊಬೈಲ್. ಆಮೇಲೆ ಮಕ್ಕಳು ಓದುವುದಿಲ್ಲ ಎಂದು ದೂರುವವರೂ ನಾವೇ.

ಇಂದು ನಾವು ಮೊಬೈಲಿನ ವಿರುದ್ಧ ಭಾಷಣ ಮಾಡಲು ಬಂದಿಲ್ಲ. ಅಂತಹ ಭಾಷಣಗಳಿಗೆ ಬರವಿಲ್ಲ. ಅವುಗಳಿಂದ ಯಾವ ಮಗುವೂ ಪುಸ್ತಕ ಕೈಗೆತ್ತಿಕೊಂಡಂತೆ ಕಾಣುವುದಿಲ್ಲ. ಒಂದನ್ನು ಬಿಡು ಎನ್ನುವವನು ಇನ್ನೊಂದನ್ನು ಕೈಗೆ ಕೊಡಬೇಕು. ಆ ಇನ್ನೊಂದು ನಮ್ಮ ಊರಿನಲ್ಲೇ, ನಾವು ದಿನವೂ ಹಾದುಹೋಗುವ ರಸ್ತೆಯಲ್ಲೇ ಇದೆ. ಅದುವೇ ಸಾರ್ವಜನಿಕ ಗ್ರಂಥಾಲಯ.

ಮೊದಲಿಗೆ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಲು ಅನುಮತಿ ಕೋರುತ್ತೇವೆ. ಆಗ ನಮಗೆ ಹನ್ನೆರಡು ವರ್ಷ. ಊರಿನ ಗ್ರಂಥಾಲಯದಿಂದ ಪುಸ್ತಕ ಮನೆಗೆ ಒಯ್ಯಬೇಕಾದರೆ ಠೇವಣಿ ಕಟ್ಟಬೇಕಾಗಿತ್ತು. ಅದು ದೊಡ್ಡ ಮೊತ್ತವೇನಲ್ಲ. ಆದರೆ ಕೂಲಿಯ ಮನೆಗೆ ಅದೂ ದೊಡ್ಡದೇ. ಆ ಹಣವನ್ನು ತಮ್ಮ ಜೇಬಿನಿಂದ ಕಟ್ಟಿದವರು ನಮ್ಮ ಮದ್ರಸಾದ ಉಸ್ತಾದರು. ಯಾರಿಗೂ ಹೇಳಬೇಡ, ಪುಸ್ತಕ ಮಾತ್ರ ಹರಿಯಬೇಡ ಎಂದಷ್ಟೇ ಅವರು ಹೇಳಿದರು. ಆ ಬೇಸಿಗೆಯಲ್ಲಿ ನಾವು ಎಷ್ಟು ಪುಸ್ತಕ ಓದಿದೆವೋ ಲೆಕ್ಕವಿಲ್ಲ. ಇಂದು ಲೇಖನಿ ಹಿಡಿದು ಬದುಕುತ್ತಿದ್ದೇವಾದರೆ ಅದರ ಮೊದಲ ಋಣ ಆ ಠೇವಣಿಗೆ ಸಲ್ಲಬೇಕು.

ಇದು ಸಂಗತಿಯ ಅರ್ಧ ಭಾಗ ಮಾತ್ರ. ಮನೆಯಲ್ಲಿ ನಮಗಿಂತ ಒಂದು ವರ್ಷ ಚಿಕ್ಕವಳಾದ ತಂಗಿಯಿದ್ದಳು. ನಾವು ತಂದ ಪುಸ್ತಕಗಳನ್ನು ನಮಗಿಂತ ಮೊದಲೇ ಓದಿ ಮುಗಿಸುತ್ತಿದ್ದವಳು ಅವಳು. ಪ್ರತಿ ಬಾರಿ ನಾವು ಹೊರಟಾಗ ಬಾಗಿಲಲ್ಲಿ ನಿಂತು, "ಇಕ್ಕಾ, ಈ ಸಲ ದಪ್ಪಗಿರುವುದು ತನ್ನಿ" ಎನ್ನುತ್ತಿದ್ದಳು. ಯಾವ ಪುಸ್ತಕ ಬೇಕೆಂದು ಅವಳು ಎಂದೂ ಹೇಳಲಿಲ್ಲ. ಅಲ್ಲಿ ಯಾವ ಯಾವ ಪುಸ್ತಕಗಳಿವೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಗ್ರಂಥಾಲಯ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಆದರೂ ಅವಳು ಆ ಮೆಟ್ಟಿಲು ಹತ್ತಲೇ ಇಲ್ಲ. ಯಾರೂ ಬೇಡ ಎಂದಿರಲಿಲ್ಲ, ನಿಜ. ಹೋಗು ಎಂದೂ ಯಾರೂ ಹೇಳಲಿಲ್ಲ. ಹೇಳದವರಲ್ಲಿ ನಾವೂ ಒಬ್ಬರು. ಇಂದು ಅವಳಿಗೆ ಮೂವರು ಮಕ್ಕಳು. ಅವರನ್ನು ಗ್ರಂಥಾಲಯಕ್ಕೆ ಕಳುಹಿಸು ಎಂದು ನಾವು ಹೇಳಿದಾಗ ಅವಳು ಕೇಳಿದ ಪ್ರಶ್ನೆ ಇದು: "ಅಲ್ಲಿ ಹೆಣ್ಣುಮಕ್ಕಳೂ ಹೋಗಬಹುದಾ?" ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಇಂದು ನಾವು ನಿಮ್ಮ ಮುಂದೆ ನಿಂತಿದ್ದೇವೆ.

ನಮ್ಮ ತಂಗಿಯದು ಒಬ್ಬಳ ಕಥೆಯಲ್ಲ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರನ್ನು ಕನ್ನಡ ಓದುವವರೆಲ್ಲರೂ ಬಲ್ಲರು. ಹೆಚ್ಚಿನ ಶಿಕ್ಷಣ ಪಡೆಯುವ ಅವರ ಆಸೆಗೆ ಅಂದಿನ ಸಮಾಜದ ಕಟ್ಟುಪಾಡುಗಳು ಅಡ್ಡಬಂದವು. ತಮಗೆ ಗ್ರಂಥಾಲಯದ ಸದಸ್ಯತ್ವ ದೊರೆತದ್ದು 1963ರಲ್ಲಿ ಎಂದು ಅವರೇ ಹೇಳಿಕೊಂಡಿದ್ದರು. ಆಗ ಅವರಿಗೆ ಇಪ್ಪತ್ತೇಳರ ಆಸುಪಾಸಿನ ವಯಸ್ಸು. ಮುಂದೆ 1980ರ ದಶಕದ ಆರಂಭದಲ್ಲಿ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. 2023ರ ಜನವರಿಯಲ್ಲಿ ಅವರು ನಿಧನರಾದಾಗ ನಾಡೇ ಅವರನ್ನು ಸ್ಮರಿಸಿತು. ಅವರು ಬರೆದ ಎಲ್ಲವನ್ನೂ ಒಪ್ಪಬೇಕೆಂದೇನೂ ಇಲ್ಲ. ಒಪ್ಪದವರು ನಮ್ಮಲ್ಲಿ ಬಹಳ ಮಂದಿ ಇದ್ದರು. ಆದರೆ ಒಬ್ಬ ಹೆಣ್ಣುಮಗಳು ತನ್ನ ಹೆಸರಿನಲ್ಲಿ ಗ್ರಂಥಾಲಯದ ಕಾರ್ಡು ಪಡೆಯಲು ಇಪ್ಪತ್ತೇಳು ವರ್ಷ ಕಾಯಬೇಕಾಯಿತು ಎಂಬುದು ನಾವು ತಲೆತಗ್ಗಿಸಬೇಕಾದ ಸಂಗತಿ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ನಿದರ್ಶನವಿದೆ. ಬಾನು ಮುಷ್ತಾಕ್ ಅವರ ಮನೆಮಾತು ಉರ್ದು. ಎಂಟನೆಯ ವಯಸ್ಸಿನಲ್ಲಿ ತಂದೆ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಗೆ ಸೇರಿಸಿದರು. ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕೆಂಬುದು ಶಾಲೆಯವರ ಷರತ್ತಾಗಿತ್ತು. ಕೆಲವೇ ದಿನಗಳಲ್ಲಿ ಆ ಹುಡುಗಿ ಬರೆಯತೊಡಗಿದಳು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದವರು ಅದೇ ಹುಡುಗಿ. ಅವರ ಕಥೆಗಳನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಶಸ್ತಿಯನ್ನು ಹಂಚಿಕೊಂಡ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು. ಹಾಸನದ ಲೇಖಕಿ ಮತ್ತು ಕೊಡಗಿನ ಅನುವಾದಕಿ ಒಂದೇ ವೇದಿಕೆಯಲ್ಲಿ ನಿಂತದ್ದನ್ನು ಕಂಡು ಹೆಮ್ಮೆಪಟ್ಟ ನಾವು ನಮ್ಮ ಎಂಟು ವರ್ಷದ ಮಗಳ ಕೈಯಲ್ಲಿ ಏನಿದೆ ಎಂದು ಒಮ್ಮೆ ನೋಡಿದೆವೇ?

ಸಹೋದರರೇ, 2011ರ ಜನಗಣತಿಯ ಪ್ರಕಾರ ಕೊಡಗಿನ ಸಾಕ್ಷರತೆ ಶೇಕಡಾ 82ನ್ನು ದಾಟಿದೆ. ಅದು ಅಂದಿನ ರಾಜ್ಯದ ಸರಾಸರಿಗಿಂತ ಹೆಚ್ಚು. ಆದರೆ ಅಕ್ಷರ ಬಲ್ಲವನೆಲ್ಲ ಓದುಗನಲ್ಲ. ಬಸ್ಸಿನ ಫಲಕ ಓದಬಲ್ಲವನಿಗೂ ಒಂದು ಪುಸ್ತಕವನ್ನು ಕೊನೆಯ ಪುಟದವರೆಗೆ ಓದಬಲ್ಲವನಿಗೂ ಬಹಳ ಅಂತರವಿದೆ. ಆ ಅಂತರ ಹುಟ್ಟುವುದು ಶಾಲೆಯಲ್ಲಿ ಮಾತ್ರವಲ್ಲ, ರಜೆಯಲ್ಲಿಯೂ ಹೌದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೈನ್ಸ್ ಅಟ್ಲಾಂಟಾ ನಗರದ ಆರು ಮತ್ತು ಏಳನೆಯ ತರಗತಿಯ ಮಕ್ಕಳನ್ನು ಅಧ್ಯಯನ ಮಾಡಿ 1978ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಶಾಲೆ ನಡೆಯುವಾಗ ಬಡವರ ಮತ್ತು ಉಳ್ಳವರ ಮಕ್ಕಳ ಕಲಿಕೆಯ ಅಂತರ ಅಷ್ಟಾಗಿ ಬೆಳೆಯುವುದಿಲ್ಲ, ಬೇಸಿಗೆಯಲ್ಲಿ ಅದು ಹಿಗ್ಗುತ್ತದೆ ಎಂಬುದು ಅವರು ಕಂಡ ಸತ್ಯ. ಉಳ್ಳವರ ಮನೆಯಲ್ಲಿ ಪುಸ್ತಕವಿದೆ, ಪ್ರವಾಸವಿದೆ, ಶಿಬಿರವಿದೆ. ಬಡವರ ಮನೆಯಲ್ಲಿ ಇರುವುದು ಖಾಲಿ ಮಧ್ಯಾಹ್ನ. ಆ ಬೇಸಿಗೆಯಲ್ಲಿ ಮಕ್ಕಳ ಬೆಳವಣಿಗೆಗೆ ಬೇರಾವ ಸಾರ್ವಜನಿಕ ಸಂಸ್ಥೆಗಿಂತಲೂ ಹೆಚ್ಚು ನೆರವಾದದ್ದು ಗ್ರಂಥಾಲಯ ಎಂಬುದನ್ನೂ ಅವರು ಗುರುತಿಸಿದರು. ತೋಟದ ಲೈನ್ ಮನೆಯ ಮಗುವಿಗೂ ಪೇಟೆಯ ದೊಡ್ಡ ಮನೆಯ ಮಗುವಿಗೂ ನಡುವಿನ ಅಂತರ ಏಕೆ ತುಂಬುತ್ತಿಲ್ಲ ಎಂದು ಯೋಚಿಸುವವರು ಇದನ್ನು ಗಮನಿಸಬೇಕು.

ಬ್ರಿಟನ್ನಿನಲ್ಲಿ 1999ರಿಂದ ಒಂದು ಸರಳ ಕಾರ್ಯಕ್ರಮ ನಡೆದುಬಂದಿದೆ. ಬೇಸಿಗೆ ರಜೆಯಲ್ಲಿ ಮಗು ಸಾರ್ವಜನಿಕ ಗ್ರಂಥಾಲಯದಿಂದ ತಾನೇ ಆರಿಸಿದ ಆರು ಪುಸ್ತಕಗಳನ್ನು ಓದಬೇಕು, ಅಷ್ಟೇ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಗಡಿಯಾಚೆಯ ಕೇರಳವನ್ನು ನೋಡಿ. ಪಿ.ಎನ್. ಪಣಿಕ್ಕರ್ ಎಂಬ ಶಿಕ್ಷಕರು 1945ರಲ್ಲಿ 47 ಗ್ರಂಥಾಲಯಗಳನ್ನು ಒಗ್ಗೂಡಿಸಿ ತಿರುವಾಂಕೂರಿನಲ್ಲಿ ಗ್ರಂಥಶಾಲಾ ಸಂಘವನ್ನು ಕಟ್ಟಿದರು. ಊರೂರು ಅಲೆದು ಜನರಿಂದಲೇ ಗ್ರಂಥಾಲಯಗಳನ್ನು ಕಟ್ಟಿಸಿದರು. ಅವರು ನಿಧನರಾದ ಜೂನ್ 19ನ್ನು ಇಂದಿಗೂ ಅಲ್ಲಿ ಓದುವ ದಿನವಾಗಿ ಆಚರಿಸುತ್ತಾರೆ. ಕಣ್ಣೂರಿಗೂ ವಯನಾಡಿಗೂ ಹೆಣ್ಣು ಕೊಟ್ಟು ಹೆಣ್ಣು ತಂದವರು ನಾವು. ಅಲ್ಲಿಂದ ಈ ಓದುವ ಅಭ್ಯಾಸವನ್ನು ಮಾತ್ರ ತರಲಿಲ್ಲ.

ನಮ್ಮ ನಾಡಿನಲ್ಲಿ ಕಾನೂನು ಇಲ್ಲವೆಂದೇನೂ ಅಲ್ಲ. ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಶೇಕಡಾ ಆರರಷ್ಟು ಗ್ರಂಥಾಲಯ ಕರವನ್ನು ನೀವೆಲ್ಲರೂ ಕಟ್ಟುತ್ತಿದ್ದೀರಿ. ಮನೆಗೆ ಹೋಗಿ ರಶೀದಿ ತೆಗೆದು ನೋಡಿ. ಅಂದರೆ ಗ್ರಂಥಾಲಯ ಸರಕಾರದ ಭಿಕ್ಷೆಯಲ್ಲ, ನಿಮ್ಮ ಹಣದಲ್ಲಿ ನಡೆಯುವ ನಿಮ್ಮದೇ ಮನೆ. ಸಂಗ್ರಹವಾದ ಕರ ಪೂರ್ತಿಯಾಗಿ ಗ್ರಂಥಾಲಯಕ್ಕೆ ತಲುಪುವುದಿಲ್ಲ ಎಂಬ ದೂರು ಹಳೆಯದು. ಬೆಂಗಳೂರಿನ ಮಹಾನಗರ ಪಾಲಿಕೆ ನೂರಾರು ಕೋಟಿ ರೂಪಾಯಿ ಬಾಕಿ ಉಳಿಸಿಕೊಂಡ ಸುದ್ದಿ ಹಲವು ಬಾರಿ ಬಂದಿದೆ. ನಮ್ಮ ಪಟ್ಟಣದ ಕರ ಎಷ್ಟು ಸಂಗ್ರಹವಾಯಿತು, ಎಷ್ಟು ಗ್ರಂಥಾಲಯಕ್ಕೆ ಸಂದಾಯವಾಯಿತು ಎಂದು ಕೇಳುವ ಹಕ್ಕು ನಮಗಿದೆ. ಆದರೆ ಗ್ರಂಥಾಲಯಕ್ಕೆ ಕಾಲಿಡದವನು ಆ ಪ್ರಶ್ನೆಯನ್ನು ಯಾವ ಮುಖದಿಂದ ಕೇಳಬೇಕು?

ಗ್ರಾಮಗಳಲ್ಲೂ ಬದಲಾವಣೆಯಾಗಿದೆ. ರಾಜ್ಯದ ಐದೂವರೆ ಸಾವಿರಕ್ಕೂ ಅಧಿಕ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರ ನವೆಂಬರ್ ಒಂದರಂದು 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಯಿತು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಕಾಲವದು. ಆರರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿದರು, ಲಕ್ಷಾಂತರ ಮಕ್ಕಳು ಸೇರಿದರು. ನಮ್ಮ ಉಸ್ತಾದರು ಕಟ್ಟಿದ ಠೇವಣಿಯ ಅಗತ್ಯ ಅಲ್ಲಿ ಈಗ ಇಲ್ಲ. ಇಂದು ಅವುಗಳಿಗೆ 'ಅರಿವು ಕೇಂದ್ರ' ಎಂದು ಹೆಸರು. ಇತ್ತೀಚಿನ ವರ್ಷಗಳಲ್ಲಿ ಹಲವೆಡೆ ಬೇಸಿಗೆ ಶಿಬಿರಗಳೂ ಅಲ್ಲಿ ನಡೆದಿವೆ. ಕಟ್ಟಡವಿದೆ, ಪುಸ್ತಕವಿದೆ, ಅಲ್ಪ ಗೌರವಧನಕ್ಕೆ ದುಡಿಯುವ ಒಬ್ಬ ಮೇಲ್ವಿಚಾರಕರಿದ್ದಾರೆ. ಒಬ್ಬರೇ ಬಾಗಿಲು ತೆರೆಯಬೇಕು, ಪತ್ರಿಕೆ ಜೋಡಿಸಬೇಕು, ನೋಂದಣಿ ಮಾಡಬೇಕು, ಶಿಬಿರವನ್ನೂ ನಡೆಸಬೇಕು. ಅಲ್ಲಿ ಕೊರತೆಯಿರುವುದು ಕೈಗಳದು. ಆ ಕೈಗಳನ್ನು ನಾವು ಕೊಡಬೇಕು.

ಇಲ್ಲಿ ನಮ್ಮವರಿಂದ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಮಕ್ಕಳಿಗೆ ಮದ್ರಸಾ ಇದೆಯಲ್ಲ ಎಂಬುದು. ಮದ್ರಸಾ ನಡೆಯುವುದು ಬೆಳಗಿನ ಹೊತ್ತು. ಹತ್ತು ಗಂಟೆಯ ನಂತರದ ಇಡೀ ದಿನ ಖಾಲಿಯೇ ಇರುತ್ತದೆ. 2021 ಮತ್ತು 2022ರಲ್ಲಿ ರಮಝಾನ್ ಬೇಸಿಗೆ ರಜೆಯಲ್ಲೇ ಬಂದಿತ್ತು. ಈಗ ಅದು ಹಿಂದಕ್ಕೆ ಸರಿದು ರಜೆಗೆ ಮೊದಲೇ ಮುಗಿಯುತ್ತಿದೆ. ಆದುದರಿಂದ ಆ ನೆಪವೂ ಉಳಿದಿಲ್ಲ.

ಎರಡನೆಯದು, ಕಥೆ ಕಾದಂಬರಿ ಓದಿ ಮಕ್ಕಳು ಕೆಡುತ್ತಾರೆ ಎಂಬ ಭಯ. ಮಗುವಿನ ಕೈಯಲ್ಲಿರುವ ಪುಸ್ತಕವನ್ನು ತಂದೆತಾಯಿ ತೆಗೆದು ಓದಬಹುದು, ಅದರ ಬಗ್ಗೆ ಮಗುವಿನೊಡನೆ ಮಾತನಾಡಬಹುದು. ಮೊಬೈಲಿನಲ್ಲಿ ಮಗು ಏನು ನೋಡಿತು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ತೆರೆದ ಪುಸ್ತಕಕ್ಕೆ ಹೆದರಿ ಮುಚ್ಚಿದ ಕೋಣೆಯ ಮೊಬೈಲನ್ನು ಒಪ್ಪಿಕೊಂಡ ಜಾಣತನ ನಮ್ಮದು.

ಮೂರನೆಯದು, ನಮ್ಮದೇ ಒಂದು ಗ್ರಂಥಾಲಯ ಕಟ್ಟೋಣ ಎಂಬ ಉತ್ಸಾಹ. ಅದು ಕೆಟ್ಟ ಆಲೋಚನೆಯಲ್ಲ. ಆದರೆ ನಾವು ಕಂಡಂತೆ ಅಂತಹ ಕಡೆ ಉದ್ಘಾಟನೆ ಅದ್ದೂರಿಯಾಗಿರುತ್ತದೆ, ಕಪಾಟಿಗೆ ಬೀಗ ಹಾಕಿರುತ್ತದೆ, ಬೀಗದ ಕೈ ಯಾರ ಬಳಿ ಇದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಸಾರ್ವಜನಿಕ ಗ್ರಂಥಾಲಯದಲ್ಲಿ ನಮ್ಮ ಮಗುವಿನ ಪಕ್ಕದಲ್ಲಿ ಕೊಡವರ ಮಗು, ಗೌಡರ ಮಗು, ಕ್ರೈಸ್ತರ ಮಗು, ಲೈನ್ ಮನೆಯ ಮಗು ಕುಳಿತಿರುತ್ತದೆ. 2015ರ ನವೆಂಬರಿನಲ್ಲಿ ಟಿಪ್ಪು ಜಯಂತಿಯ ಸಂದರ್ಭದಲ್ಲಿ ಮಡಿಕೇರಿ ಕಂಡ ಹಿಂಸೆಯನ್ನು ನಾವು ಮರೆತಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಶಾಲೆ, ದೇವಸ್ಥಾನ, ಮದ್ರಸಾಗಳು ಧರ್ಮ ಕೇಳದೆ ಆಶ್ರಯ ಕೊಟ್ಟದ್ದನ್ನೂ ಮರೆತಿಲ್ಲ. ಕೊಡಗಿನ ಮಕ್ಕಳು ಪರಸ್ಪರರನ್ನು ಅರಿಯಲು ಇನ್ನೊಂದು ಗುಡ್ಡ ಕುಸಿಯುವವರೆಗೆ ಕಾಯಬೇಕೇ? ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಕಥೆಗೆ ನಕ್ಕ ಮಕ್ಕಳನ್ನು ಮುಂದೆ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದು ಅಷ್ಟು ಸುಲಭವಲ್ಲ.

ನೆರೆಯ ಮೈಸೂರಿನ ಸೈಯದ್ ಇಸಾಕ್ ಅವರನ್ನು ಇಲ್ಲಿ ನೆನೆಯಬೇಕು. ತಾವು ಶಾಲೆಯ ಭಾಗ್ಯ ಕಾಣದ ಕೂಲಿ ಕಾರ್ಮಿಕರಾದರೂ ರಾಜೀವನಗರದಲ್ಲಿ ಎಲ್ಲರಿಗೂ ತೆರೆದ ಉಚಿತ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು ಸುಮಾರು ಹನ್ನೊಂದು ಸಾವಿರ ಪುಸ್ತಕಗಳು ಬೂದಿಯಾದವು. ಅವುಗಳಲ್ಲಿ ಹೆಚ್ಚಿನವು ಕನ್ನಡದವು. ಅವರು ಎದೆಗುಂದಲಿಲ್ಲ, ಮತ್ತೆ ಕಟ್ಟುತ್ತೇನೆ ಎಂದರು. ಎಲ್ಲ ಧರ್ಮದವರೂ ನೆರವಿಗೆ ಮುಂದಾದರು. ಅಕ್ಷರ ದಕ್ಕದ ಒಬ್ಬ ಮನುಷ್ಯನಿಗೆ ಪುಸ್ತಕದ ಬೆಲೆ ಗೊತ್ತಿತ್ತು. ಪದವಿ ಪಡೆದ ನಮಗೆ?

ಬಗ್ದಾದಿನ ಜ್ಞಾನಮಂದಿರದ ಬಗ್ಗೆ, ಕೊರ್ಡೋವಾದ ಗ್ರಂಥಭಂಡಾರದ ಬಗ್ಗೆ ನಾವು ವೇದಿಕೆಗಳಲ್ಲಿ ಗಂಟೆಗಟ್ಟಲೆ ಮಾತನಾಡುತ್ತೇವೆ. ದಿವ್ಯವಾಣಿಯ ಮೊದಲ ಆಜ್ಞೆಯೇ ಓದಿನ ಕುರಿತಾದುದು ಎಂದು ಹೇಳದ ಭಾಷಣಕಾರರಿಲ್ಲ. ಆದರೆ ಬಗ್ದಾದಿನ ದಾರಿ ಬಲ್ಲ ನಮಗೆ ನಮ್ಮ ಪಂಚಾಯಿತಿಯ ಗ್ರಂಥಾಲಯ ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದು ಗೊತ್ತಿಲ್ಲ. ಈ ಮಾತನ್ನು ಮೊದಲು ನಮಗೇ ಹೇಳಿಕೊಳ್ಳುತ್ತಿದ್ದೇವೆ.

ಹಾಗಾದರೆ ಈ ಬೇಸಿಗೆಯಲ್ಲಿ ಮಾಡಬೇಕಾದುದೇನು? ರಜೆ ಆರಂಭವಾಗುವ ಮುನ್ನ ಪ್ರತಿ ಮನೆಯ ಮಗುವಿಗೂ ಅದರದೇ ಹೆಸರಿನಲ್ಲಿ ಸದಸ್ಯತ್ವ ಮಾಡಿಸಿ. ಹೆಣ್ಣುಮಗಳಿಗೆ ಮೊದಲು ಮಾಡಿಸಿ. ಅಣ್ಣನ ಕಾರ್ಡು ಸಾಕು ಎನ್ನಬೇಡಿ. ಠೇವಣಿ ಇರುವ ಕಡೆ, ಕಟ್ಟಲಾಗದವರ ಹಣವನ್ನು ಜಮಾಅತ್ ಸದ್ದಿಲ್ಲದೆ ಕಟ್ಟಲಿ. ಶುಕ್ರವಾರದ ನಮಾಝಿನ ನಂತರ ಖತೀಬರು ಒಂದು ನಿಮಿಷ ಈ ಬಗ್ಗೆ ಪ್ರಕಟಣೆ ನೀಡಲಿ.

ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಕ್ಕಳ ಓದಿಗೆಂದು ಮೀಸಲಿಡುವಂತೆ ಮೇಲ್ವಿಚಾರಕರನ್ನು ಕೇಳಿಕೊಳ್ಳೋಣ. ಪಿಯುಸಿ ಪರೀಕ್ಷೆ ಮುಗಿಸಿದ ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿರುತ್ತಾರೆ. ಸರದಿಯಂತೆ ದಿನಕ್ಕೆ ಇಬ್ಬರು ಬಂದು ಚಿಕ್ಕವರಿಗೆ ಗಟ್ಟಿಯಾಗಿ ಓದಿ ಹೇಳಲಿ. ತಾಯಂದಿರೂ ಜೊತೆಗೆ ಬನ್ನಿ, ನಿಮಗೂ ಅಲ್ಲಿ ಪುಸ್ತಕವಿದೆ. ಬರುವಾಗ ನೆರೆಯ ಲೈನ್ ಮನೆಯ ಮಕ್ಕಳನ್ನೂ ಕರೆತನ್ನಿ. ಕೆಲಸಕ್ಕೆಂದು ಅಸ್ಸಾಂ, ಬಂಗಾಳದಿಂದ ಬಂದವರ ಮಕ್ಕಳಿಗೆ ರಜೆಯಲ್ಲಿ ಯಾರೂ ಇರುವುದಿಲ್ಲ.

ಆರು ಪುಸ್ತಕ, ಏಳು ವಾರ. ಅಷ್ಟೇ ಗುರಿ. ಪುಸ್ತಕವನ್ನು ಮಗುವೇ ಆರಿಸಲಿ. ತೆಳ್ಳಗಿನದಾದರೂ ಸರಿ, ಚಿತ್ರದ್ದಾದರೂ ಸರಿ. ವಾರಕ್ಕೊಮ್ಮೆ ಓದಿದ್ದನ್ನು ಇತರರಿಗೆ ಹೇಳಲಿ. ನಮ್ಮ ಮಕ್ಕಳ ಮನೆಮಾತು ಮಲಯಾಳವಿರಬಹುದು, ಬ್ಯಾರಿಯಿರಬಹುದು, ಉರ್ದುವಿರಬಹುದು. ಕನ್ನಡದಲ್ಲಿ ಓದಿ ಮನೆಮಾತಿನಲ್ಲಿ ಹೇಳಿದರೂ ಅದು ಓದೇ. ತಪ್ಪು ಓದಿದರೆ ನಗಬೇಡಿ, ಪರೀಕ್ಷೆ ಇಡಬೇಡಿ, ಅಂಕ ಕೊಡಬೇಡಿ. ಶಾಲೆಯನ್ನೇ ಇನ್ನೊಂದು ಕಟ್ಟಡಕ್ಕೆ ಸಾಗಿಸಿದರೆ ಮಗು ಎರಡನೆಯ ದಿನ ಬರುವುದಿಲ್ಲ.

ಪುಸ್ತಕ ದಾನ ಮಾಡುವವರಲ್ಲಿ ಒಂದು ವಿನಂತಿ. ಹಳೆಯ ಗೈಡುಗಳನ್ನೂ ಗೆದ್ದಲು ಹಿಡಿದ ಪಠ್ಯಪುಸ್ತಕಗಳನ್ನೂ ತಂದು ಸುರಿಯಬೇಡಿ. ಏನು ಬೇಕು ಎಂದು ಮೇಲ್ವಿಚಾರಕರನ್ನು ಕೇಳಿ ಹೊಸದನ್ನೇ ಕೊಡಿ. ಬೊಳುವಾರು ಮಹಮ್ಮದ್ ಕುಂಞಿ ಅವರು ಗಾಂಧೀಜಿಯ ಬಾಲ್ಯದ ಕುರಿತು ಮಕ್ಕಳಿಗಾಗಿ ಬರೆದ ಕೃತಿಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆತಿದೆ. ಅದು ಅಲ್ಲಿರಲಿ. ದೊಡ್ಡ ಮಕ್ಕಳಿಗೆ ಈ ನೆಲದವರೇ ಆದ ಭಾರತೀಸುತರ ಕಾದಂಬರಿಗಳಿರಲಿ. ಇಪ್ಪತ್ತೇಳನೆಯ ವಯಸ್ಸಿಗೇ, 1939ರಲ್ಲಿ, ತೀರಿಹೋದ ಕೊಡಗಿನ ಗೌರಮ್ಮನವರ ಕಥೆಗಳಿರಲಿ. ಮದುವೆಯೊಂದರ ಬಿರಿಯಾನಿಯ ಒಂದು ಪಾತ್ರೆಯ ಖರ್ಚಿನಲ್ಲಿ ಮಕ್ಕಳ ಒಂದು ಕಪಾಟು ತುಂಬುತ್ತದೆ. ಎಂಜಲೆಲೆಯೊಡನೆ ನಾವು ಎಸೆಯುವ ಅನ್ನದ ಬೆಲೆಯೇ ಅದಕ್ಕೆ ಸಾಕು.

ಸರಕಾರದಿಂದ ಕೇಳಬೇಕಾದುದನ್ನೂ ಕೇಳೋಣ. ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಸೋರದ ಮಾಡು, ಮೇಲ್ವಿಚಾರಕರಿಗೆ ಸಕಾಲದಲ್ಲಿ ಗೌರವಧನ. ಇವನ್ನು ಗ್ರಾಮಸಭೆಯಲ್ಲಿ, ಮಕ್ಕಳ ಗ್ರಾಮಸಭೆಯಲ್ಲಿ ಎತ್ತೋಣ. ಚುನಾವಣೆಯ ಹೊತ್ತಿನಲ್ಲಿ ಮತ ಕೇಳಲು ಬರುವವರಲ್ಲಿ ರಸ್ತೆ, ಚರಂಡಿಯ ಜೊತೆಗೆ ಗ್ರಂಥಾಲಯದ ಬಗ್ಗೆಯೂ ಒಂದು ಪ್ರಶ್ನೆ ಕೇಳಿ. ಕೊಡಗಿನ ಮಕ್ಕಳಿಗೆ ಬೇಸಿಗೆ ರಜೆಯಲ್ಲದೆ ಮಳೆಯ ರಜೆಯೂ ಇದೆ. ಜುಲೈಯಲ್ಲಿ ಶಾಲೆ ಮುಚ್ಚಿ ಮನೆಯೊಳಗೆ ಕುಳಿತ ಮಗುವಿಗೆ ಬೇಸಿಗೆಯಲ್ಲಿ ಹತ್ತಿದ ಓದಿನ ರುಚಿ ಆಗಲೂ ಜೊತೆಗಿರುತ್ತದೆ.

ಕೊನೆಯದಾಗಿ ಒಂದು ಮಾತು. ಈ ಸಭೆಗೆ ಬರುವ ಮುನ್ನ ನಮ್ಮ ತಂಗಿಗೆ ಫೋನ್ ಮಾಡಿ ಅವಳ ಪ್ರಶ್ನೆಗೆ ಉತ್ತರ ಹೇಳಿದೆವು: ಹೌದು, ಹೆಣ್ಣುಮಕ್ಕಳೂ ಹೋಗಬಹುದು, ತಾಯಂದಿರೂ ಹೋಗಬಹುದು. ಅವಳು ಸ್ವಲ್ಪ ಹೊತ್ತು ಮೌನವಾಗಿದ್ದು, ಬರುವ ಸೋಮವಾರ ಮಕ್ಕಳೊಂದಿಗೆ ತಾನೂ ಹೋಗುವುದಾಗಿ ಹೇಳಿದಳು. ಅಂದು ನಾವು ಹೇಳಬೇಕಾಗಿದ್ದ ಮಾತನ್ನು ಹೇಳಲು ಇಷ್ಟು ವರ್ಷ ತಡವಾಯಿತು. ನಿಮ್ಮ ಮನೆಯ ಬಾಗಿಲಲ್ಲಿ ನಿಂತಿರುವ ಹುಡುಗಿಗೆ ಅದನ್ನು ಹೇಳಲು ನೀವು ಅಷ್ಟು ತಡಮಾಡಬೇಡಿ. ಅವಳಿಗಾಗಿ ಪುಸ್ತಕ ತಂದುಕೊಟ್ಟು ಸುಮ್ಮನಾಗಬೇಡಿ. ಅವಳನ್ನೇ ಕರೆದುಕೊಂಡು ಹೋಗಿ, ಕಪಾಟಿನ ಮುಂದೆ ನಿಲ್ಲಿಸಿ, ಆರಿಸಿಕೋ ಎನ್ನಿ.